ಲಿನಕ್ಸ್ ಕಂಪ್ಯೂಟರಿನಲ್ಲಿ ನೆಟ್ ನಿಂತಾಗ ದೋಷ ಹುಡುಕುವ ಕ್ರಮ

ಲಿನಕ್ಸನ್ನು ಹೊಸದಾಗಿ ಬಳಸತೊಡಗಿದವರಿಗೆ ಇಂಟರ್ನೆಟ್ ನಿಂತರೆ ಕಷ್ಟ ಇಮ್ಮಡಿಯಾಗುತ್ತದೆ, ಏಕೆಂದರೆ ಪರಿಹಾರ ಹುಡುಕಬೇಕಾದ ದಾರಿಯೇ ಮುಚ್ಚಿಹೋಗಿರುತ್ತದೆ. ಆ ಗಾಬರಿಯಲ್ಲಿ ಹಲವರು ಮೊಬೈಲಿನಲ್ಲಿ ಕಂಡ ಯಾವುದೋ ಆದೇಶಗಳನ್ನು ಒಂದರ ಮೇಲೊಂದರಂತೆ ಟೈಪ್ ಮಾಡುತ್ತಾರೆ. ಅದೂ ಫಲಿಸದಿದ್ದರೆ ಇಡೀ ವ್ಯವಸ್ಥೆಯನ್ನೇ ಅಳಿಸಿ ಮತ್ತೆ ಹಾಕುತ್ತಾರೆ. ಹಾಗೆ ಅಳಿಸಿ ಹಾಕಿದರೆ ಇಲಿ ಕಡಿದ ಕೇಬಲ್ ಕೂಡಿಕೊಳ್ಳುವುದಿಲ್ಲ, ರೌಟರ್ ಕೊಡದೆ ಇದ್ದ ವಿಳಾಸವೂ ಬಂದುಬಿಡುವುದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ನಳಕ್ಕೆ ನೀರು ಬಾರದಿದ್ದಾಗ ಯಾರೂ ಮೊದಲಿಗೆ ನಳವನ್ನು ಕಿತ್ತುಹಾಕುವುದಿಲ್ಲ. ಮೇಲಿನ ಟಾಕಿಯಲ್ಲಿ ನೀರಿದೆಯೇ, ವಾಲ್ವ್ ತೆರೆದಿದೆಯೇ, ಇವತ್ತು ನಮ್ಮ ಓಣಿಗೆ ನೀರು ಬಿಟ್ಟಿದ್ದಾರೆಯೇ ಎಂದು ವಿಚಾರಿಸುತ್ತಾರೆ. ನೆಟ್‌ವರ್ಕ್ ದೋಷವನ್ನೂ ಹಾಗೆಯೇ ಒಂದು ತುದಿಯಿಂದ ಕ್ರಮವಾಗಿ ನೋಡುತ್ತ ಹೋಗಬೇಕು.

ಆ ಕ್ರಮ ಇಷ್ಟೇ: ತಂತಿ ಅಥವಾ ವೈಫೈ ಸಂಪರ್ಕ ಕೂಡಿದೆಯೇ, ಕಂಪ್ಯೂಟರಿಗೆ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಅಂಕೆ) ಸಿಕ್ಕಿದೆಯೇ, ರೌಟರಿನವರೆಗೆ ದಾರಿ ಇದೆಯೇ, ರೌಟರಿನಾಚೆಗೆ ದಾರಿ ಇದೆಯೇ, ಕೊನೆಗೆ ಜಾಲತಾಣದ ಹೆಸರು ವಿಳಾಸವಾಗಿ ಬದಲಾಗುತ್ತಿದೆಯೇ. ಒಂದು ಪ್ರಶ್ನೆಗೆ ಖಚಿತ ಉತ್ತರ ಸಿಗುವವರೆಗೆ ಮುಂದಿನದಕ್ಕೆ ಹೋಗಬಾರದು, ಮತ್ತು ಉತ್ತರ ತಿಳಿಯುವ ಮೊದಲು ಏನನ್ನೂ ಬದಲಾಯಿಸಬಾರದು. ಈ ಎರಡು ನಿಯಮಗಳನ್ನು ಪಾಲಿಸಿದರೆ ಆರಂಭಿಕರೂ ಬಹುಪಾಲು ದೋಷಗಳನ್ನು ತಾವೇ ಗುರುತಿಸಬಲ್ಲರು ಎಂಬುದು ನನ್ನ ದೃಢವಾದ ನಂಬಿಕೆ.

ಉಬುಂಟು ಮತ್ತು ಲಿನಕ್ಸ್ ಮಿಂಟ್‌ಗಳಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್, ತೆರೆಯುತ್ತದೆ. ಈ ಬರಹದಲ್ಲಿ ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಹಾಕಬೇಕು; ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ. ‘ಐಪಿ’, ‘ಎನ್‌ಎಂಸಿಎಲ್‌ಐ’ ಮುಂತಾದವುಗಳಲ್ಲಿ ಕೇಳಿಬರುವ ಒಂದೊಂದು ಉಚ್ಚಾರವೂ ಒಂದೊಂದು ಇಂಗ್ಲಿಷ್ ಅಕ್ಷರ. ಪದಗಳ ನಡುವಿನ ಖಾಲಿ ಜಾಗ ಮತ್ತು ಅಕ್ಷರದ ಹಿಂದಿನ ಅಡ್ಡಗೆರೆಯನ್ನು ಬಿಡದೆ ಹಾಕಬೇಕು. ಹಳೆಯ ಪಾಠಗಳಲ್ಲಿ ಬರುವ ‘ಇಫ್‌ಕಾನ್ಫಿಗ್’ ಆದೇಶವು ಈಗಿನ ಹಲವು ಲಿನಕ್ಸ್‌ಗಳಲ್ಲಿ ಮೊದಲಿನಿಂದಲೇ ಇರುವುದಿಲ್ಲ; ಅದರ ಬದಲು ‘ಐಪಿ’ ಆದೇಶವನ್ನೇ ಕಲಿಯುವುದು ಒಳ್ಳೆಯದು.

ಮೊದಲು ಟರ್ಮಿನಲ್‌ನ ಹೊರಗೆ

ಅದೇ ವೈಫೈಗೆ ಒಂದು ಮೊಬೈಲನ್ನು ಜೋಡಿಸಿ, ಅದರ ಮೊಬೈಲ್ ಡೇಟಾವನ್ನು ತಪ್ಪದೆ ಬಂದ್ ಮಾಡಿ, ಒಂದು ಪುಟ ತೆರೆದು ನೋಡಿ. ಡೇಟಾ ಚಾಲೂ ಇದ್ದರೆ ವೈಫೈ ಸತ್ತಿದ್ದರೂ ಫೋನು ಸದ್ದಿಲ್ಲದೆ ಸಿಮ್ಮಿನ ಮೂಲಕ ಪುಟ ತೆರೆಯುತ್ತದೆ, ದೋಷ ಕಂಪ್ಯೂಟರಿನದೇ ಎಂಬ ತಪ್ಪು ತೀರ್ಮಾನಕ್ಕೆ ನೀವು ಬರುತ್ತೀರಿ. ಮೊಬೈಲಿನಲ್ಲೂ ನೆಟ್ ಬಾರದಿದ್ದರೆ ಲಿನಕ್ಸನ್ನು ಮುಟ್ಟಬೇಕಾಗಿಲ್ಲ. ಫೈಬರ್ ಸಂಪರ್ಕವಿದ್ದವರು ಮೋಡೆಮ್‌ನ ಮೇಲಿನ ‘ಎಲ್‌ಓಎಸ್’ ದೀಪವನ್ನು ನೋಡಬೇಕು. ಅದು ಕೆಂಪಾಗಿ ಮಿಣುಕುತ್ತಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ, ಅದು ಸೇವೆ ಕೊಡುವವರೇ ಸರಿಪಡಿಸಬೇಕಾದ ದೋಷ.

ತಂತಿ ಮತ್ತು ವೈಫೈ

ಮೊದಲ ಆದೇಶ ‘ಐಪಿ -ಬಿಆರ್ ಎ’. ಇದು ಕಂಪ್ಯೂಟರಿನ ಎಲ್ಲ ನೆಟ್‌ವರ್ಕ್ ಸಾಧನಗಳನ್ನು ಒಂದೊಂದು ಸಾಲಿನಲ್ಲಿ ತೋರಿಸುತ್ತದೆ. ‘ಎಲ್‌ಓ’ ಎಂಬ ಮೊದಲ ಸಾಲು ಕಂಪ್ಯೂಟರ್ ತನ್ನೊಡನೆ ತಾನೇ ಮಾತಾಡಿಕೊಳ್ಳಲು ಇರುವ ಸಾಧನ; ಅದರ ವಿಳಾಸ ಯಾವಾಗಲೂ 127.0.0.1, ಅದರ ಮುಂದೆ ‘ಅನ್‌ನೋನ್’ ಎಂದಿರುವುದು ಸಹಜ, ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ‘ಇ’ ಅಕ್ಷರದಿಂದ ಆರಂಭವಾಗುವ ಹೆಸರು ತಂತಿಯ ಸಾಧನದ್ದು, ‘ಡಬ್ಲ್ಯೂ’ದಿಂದ ಆರಂಭವಾಗುವುದು ವೈಫೈಯದ್ದು. ಮುಂದಿನ ಅಂಕಣದಲ್ಲಿ ‘ಅಪ್’ ಎಂದಿದ್ದರೆ ಸಂಪರ್ಕ ಕೂಡಿದೆ, ‘ಡೌನ್’ ಎಂದಿದ್ದರೆ ಕೂಡಿಲ್ಲ. ಕೇವಲ ‘ಐಪಿ ಎ’ ಎಂದು ಕೊಟ್ಟಾಗ ತಂತಿಯ ಸಾಲಿನಲ್ಲಿ ‘ನೋ-ಕ್ಯಾರಿಯರ್’ ಎಂದು ಕಂಡರೆ, ಸಾಧನ ಸಿದ್ಧವಾಗಿದೆ ಆದರೆ ಕೇಬಲಿನ ಆಚೆಯಿಂದ ಯಾವ ಸಂಕೇತವೂ ಬರುತ್ತಿಲ್ಲ ಎಂದು ತಿಳಿಯಬೇಕು.

ನಮ್ಮ ಭಾಗದಲ್ಲಿ ಕೇಬಲ್ಲನ್ನು ಮೊದಲು ಅನುಮಾನಿಸುವುದು ವಿವೇಕ. ಬ್ಯಾಡಗಿಯ ಮಾರುಕಟ್ಟೆಯಲ್ಲಿಯೋ ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲಿಯೋ ಮುಂದಿನ ಗಲ್ಲೆಯಿಂದ ಹಿಂದಿನ ಗೋದಾಮಿನವರೆಗೆ ಲ್ಯಾನ್ ಕೇಬಲ್ ಎಳೆದಿದ್ದರೆ, ಚೀಲಗಳ ಸಂದಿಯಲ್ಲಿ ಇಲಿ ಅದನ್ನು ಕಡಿದಿರಬಹುದು, ಅಥವಾ ಕೇಬಲಿನ ಉದ್ದವೇ 100 ಮೀಟರಿನ ಮಿತಿಯನ್ನು ದಾಟಿರಬಹುದು. ಕೇಬಲಿನೊಳಗೆ 8 ಎಳೆಗಳಿರುತ್ತವೆ. 100 ಎಂಬಿಪಿಎಸ್ ವೇಗಕ್ಕೆ ಅವುಗಳಲ್ಲಿ 4 ಸಾಕು, ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಆದ್ದರಿಂದ ಒಂದೆರಡು ಎಳೆ ತುಂಡಾದ ಕೇಬಲ್ ಪೂರ್ತಿ ಸಾಯದೆ, ವೇಗ ಕಳೆದುಕೊಂಡು ಅಥವಾ ಕ್ಷಣಕ್ಕೊಮ್ಮೆ ಕೂಡಿ ಕಡಿದು ಕಾಡುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ನಂತರ ಪೋರ್ಟಿನ ದೀಪವೇ ಹತ್ತದಿದ್ದರೆ, ಸಿಡಿಲಿನ ಹೊಡೆತಕ್ಕೆ ರೌಟರಿನ ಅಥವಾ ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಸುಟ್ಟಿರಬಹುದು. ಅದೇ ಕೇಬಲ್ಲನ್ನು ಬೇರೆ ಕಂಪ್ಯೂಟರಿಗೆ, ರೌಟರಿನ ಬೇರೆ ಪೋರ್ಟಿಗೆ ಹಾಕಿ ನೋಡಿದರೆ ಯಾವುದು ಹೋಗಿದೆ ಎಂಬುದು ತಿಳಿಯುತ್ತದೆ. ಹೋಗಿರುವುದು ಕಂಪ್ಯೂಟರಿನ ಪೋರ್ಟ್ ಆಗಿದ್ದರೆ ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ಒಂದರಿಂದ ಕೆಲಸ ಸಾಗುತ್ತದೆ, ಮದರ್‌ಬೋರ್ಡ್ ಬದಲಿಸಬೇಕಾಗಿಲ್ಲ. ಗುಡುಗುವಾಗ ಕೇಬಲ್ ಕಿತ್ತಿಡುವ ರೂಢಿಯನ್ನು ದಯವಿಟ್ಟು ಬೆಳೆಸಿಕೊಳ್ಳಿ.

ವೈಫೈಯ ಮಾತು ಬೇರೆ. ಅಲ್ಲಿ ‘ಆರ್‌ಎಫ್‌ಕಿಲ್’ ಆದೇಶ ಕೊಟ್ಟರೆ ಎರಡು ಅಂಕಣ ಕಾಣುತ್ತವೆ. ‘ಸಾಫ್ಟ್’ ಅಂಕಣದಲ್ಲಿ ‘ಬ್ಲಾಕ್ಡ್’ ಎಂದಿದ್ದರೆ ತಂತ್ರಾಂಶವೇ ವೈಫೈಯನ್ನು ನಿಲ್ಲಿಸಿದೆ. ‘ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದರೆ ತೆರೆಯುತ್ತದೆ (‘ಸುಡೊ’ ಎಂದರೆ ನಿರ್ವಾಹಕರ ಅಧಿಕಾರದಿಂದ ನಡೆಸು ಎಂದರ್ಥ). ‘ಹಾರ್ಡ್’ ಅಂಕಣದಲ್ಲಿ ಹಾಗಿದ್ದರೆ ಯಾವ ಆದೇಶವೂ ನಡೆಯದು, ಲ್ಯಾಪ್‌ಟಾಪಿನ ಬದಿಯ ಸ್ವಿಚ್ಚನ್ನೋ ಕೀಲಿಯನ್ನೋ ಕೈಯಿಂದಲೇ ಒತ್ತಬೇಕು. ‘ಡಬ್ಲ್ಯೂ’ದಿಂದ ಆರಂಭವಾಗುವ ಸಾಲೇ ಪಟ್ಟಿಯಲ್ಲಿಲ್ಲದಿದ್ದರೆ ಸಾಧನವನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಅಥವಾ ಫರ್ಮ್‌ವೇರ್ ಇಲ್ಲವೆಂದು ತಿಳಿಯಬೇಕು, ಬ್ರಾಡ್‌ಕಾಮ್ ಚಿಪ್ ಇರುವ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ಡೆಬಿಯನ್ ತನ್ನ ಇನ್‌ಸ್ಟಾಲರಿನಲ್ಲಿ ಮುಕ್ತವಲ್ಲದ ಫರ್ಮ್‌ವೇರನ್ನು ಸೇರಿಸಿದ್ದು 2023ರ 12ನೆಯ ಆವೃತ್ತಿಯಿಂದ, ಹಾಗಾಗಿ ಅದಕ್ಕಿಂತ ಹಳೆಯ ಆವೃತ್ತಿ ಇದ್ದವರಿಗೆ ಈ ತೊಂದರೆ ಹೆಚ್ಚು. ‘ಎಲ್‌ಎಸ್‌ಪಿಸಿಐ -ಕೆ’ ಎಂದು ಕೊಟ್ಟರೆ ಚಿಪ್ಪಿನ ಹೆಸರೂ ಅದಕ್ಕೆ ಡ್ರೈವರ್ ಹೊಂದಿಕೊಂಡಿದೆಯೇ ಎಂಬುದೂ ಕಾಣುತ್ತದೆ.

ಆದರೆ ನೆಟ್ ಇಲ್ಲದೆ ಡ್ರೈವರ್ ತರುವುದು ಹೇಗೆ? ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿ. ಲಿನಕ್ಸ್ ಆ ಫೋನನ್ನು ಒಂದು ತಂತಿಯ ಸಂಪರ್ಕವೆಂದೇ ಗುರುತಿಸುತ್ತದೆ, ಬೇರೆ ಡ್ರೈವರ್ ಕೇಳುವುದಿಲ್ಲ. ಬಳಿಕ ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’ ಅಥವಾ ಮಿಂಟ್‌ನ ‘ಡ್ರೈವರ್ ಮ್ಯಾನೇಜರ್’ ತೆರೆದು ಸೂಚಿಸಿದ ಡ್ರೈವರನ್ನು ಹಾಕಿಕೊಳ್ಳಬಹುದು. ಆರಂಭಿಕರಿಗೆ ಇದಕ್ಕಿಂತ ಉಪಯುಕ್ತವಾದ ಉಪಾಯ ಇನ್ನೊಂದಿಲ್ಲ.

ವಿಳಾಸ ಸಿಕ್ಕಿದೆಯೇ

ಸಂಪರ್ಕ ಕೂಡಿದ ಮೇಲೆ ಕಂಪ್ಯೂಟರ್ ರೌಟರಿಗೆ ‘ನನಗೊಂದು ವಿಳಾಸ ಕೊಡು’ ಎಂದು ಕೂಗಿ ಕೇಳುತ್ತದೆ. ರೌಟರ್ ಒಂದನ್ನು ಸೂಚಿಸುತ್ತದೆ, ಕಂಪ್ಯೂಟರ್ ಅದನ್ನು ಬೇಡುತ್ತದೆ, ರೌಟರ್ ಒಪ್ಪಿ ಖಚಿತಪಡಿಸುತ್ತದೆ. ಈ ನಾಲ್ಕು ಮಾತುಗಳ ವ್ಯವಹಾರಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಅದು ಸರಿಯಾಗಿ ನಡೆದಿದ್ದರೆ ‘ಐಪಿ -ಬಿಆರ್ ಎ’ಯ ಸಾಲಿನಲ್ಲಿ 192.168.1.23/24 ಎಂಬಂಥ ಒಂದು ವಿಳಾಸ ಕಾಣುತ್ತದೆ. 192.168ರಿಂದ, 10ರಿಂದ, ಅಥವಾ 172.16ರಿಂದ 172.31ರವರೆಗಿನ ಅಂಕೆಗಳಿಂದ ಆರಂಭವಾಗುವವು ಮನೆ-ಕಚೇರಿಗಳ ಒಳಗಿನ ಖಾಸಗಿ ವಿಳಾಸಗಳು. ವಿಂಡೋಸ್ ಬಳಸಿದವರಿಗೆ ವಿಳಾಸ ಸಿಗದಿದ್ದಾಗ 169.254 ಎಂದು ಕಾಣುವುದು ಗೊತ್ತಿರುತ್ತದೆ. ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಾಗಿ ಆ ಜಾಗ ಖಾಲಿಯೇ ಉಳಿಯುತ್ತದೆ ಅಥವಾ ‘ಎಫ್‌ಇ80’ ಎಂದು ಆರಂಭವಾಗುವ ಐಪಿವಿ6 ವಿಳಾಸ ಮಾತ್ರ ಕಾಣುತ್ತದೆ. ವೈಫೈ ಚಿಹ್ನೆ ಮುಕ್ಕಾಲು ನಿಮಿಷದಷ್ಟು ತಿರುಗಿ ತಿರುಗಿ ಕೊನೆಗೆ ಸೋಲುವುದೂ ಇದರದೇ ಲಕ್ಷಣ, ಏಕೆಂದರೆ ಸಂಪರ್ಕಗಳನ್ನು ನೋಡಿಕೊಳ್ಳುವ ಸೇವೆಯಾದ ನೆಟ್‌ವರ್ಕ್‌ಮ್ಯಾನೇಜರ್ ಡಿಎಚ್‌ಸಿಪಿಯ ಉತ್ತರಕ್ಕಾಗಿ ಸಾಮಾನ್ಯವಾಗಿ 45 ಸೆಕೆಂಡು ಕಾಯುತ್ತದೆ.

ಧಾರವಾಡದ ಸಪ್ತಾಪುರದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗರು ತುಂಬಿರುವ ಪಿಜಿಗಳಲ್ಲಿ ಈ ದೋಷಕ್ಕೆ ಒಂದು ವಿಶೇಷ ಕಾರಣವಿರಬಹುದು. ಮನೆಬಳಕೆಯ ರೌಟರಿನಲ್ಲಿ ಹಂಚಲು ಇಟ್ಟಿರುವ ವಿಳಾಸಗಳ ಸಂಖ್ಯೆ ಸೀಮಿತ. ಒಮ್ಮೆ ಕೊಟ್ಟ ವಿಳಾಸವನ್ನು ಅದು ಗೊತ್ತುಪಡಿಸಿದ ಅವಧಿ ಮುಗಿಯುವವರೆಗೆ ಹಿಂಪಡೆಯುವುದಿಲ್ಲ. ಬಂದು ಹೋದವರ ಫೋನುಗಳೆಲ್ಲ ವಿಳಾಸ ಹಿಡಿದುಕೊಂಡಿದ್ದರೆ, ಪಾಸ್‌ವರ್ಡ್ ಸರಿಯಿದ್ದರೂ ಸಂಕೇತ ಪೂರ್ತಿಯಿದ್ದರೂ ನಿಮ್ಮ ಪಾಲಿಗೆ ವಿಳಾಸ ಉಳಿದಿರುವುದಿಲ್ಲ. ಇದಕ್ಕೆ ರೌಟರನ್ನು ಆರಿಸಿ ಹಚ್ಚುವುದು ತಾತ್ಕಾಲಿಕ ಉಪಾಯ. ಹಂಚುವ ವಿಳಾಸಗಳ ವ್ಯಾಪ್ತಿಯನ್ನು ಹಿಗ್ಗಿಸಿ ಅವಧಿಯನ್ನು ಕುಗ್ಗಿಸುವುದು ನಿಜವಾದ ಪರಿಹಾರ, ಅದನ್ನು ಪಿಜಿಯವರೇ ಮಾಡಬೇಕು.

ಗದಗಿನ ಮುದ್ರಣಾಲಯದಂಥ ಜಾಗದಲ್ಲಿ ಸಮಸ್ಯೆ ತಿರುಗುಮುರುಗಾಗಿರುತ್ತದೆ. ಅಲ್ಲಿ ಪ್ರಿಂಟರಿಗೆ 192.168.1.50 ಎಂದು ಸ್ಥಿರ ವಿಳಾಸ ಕೊಟ್ಟಿರುತ್ತಾರೆ, ರೌಟರಿಗೆ ಅದು ಗೊತ್ತಿರುವುದಿಲ್ಲ. ಒಂದು ದಿನ ಅದು ಅದೇ ವಿಳಾಸವನ್ನು ಹೊಸ ಕಂಪ್ಯೂಟರಿಗೂ ಹಂಚುತ್ತದೆ. ಆಗ ಒಮ್ಮೆ ಪ್ರಿಂಟರ್ ಕಾಣದು, ಒಮ್ಮೆ ಕಂಪ್ಯೂಟರಿಗೆ ನೆಟ್ ಇರದು. ಮೂರನೆಯ ಕಂಪ್ಯೂಟರಿನಿಂದ ಆ ವಿಳಾಸಕ್ಕೆ ಪಿಂಗ್ ಮಾಡಿ (ಉತ್ತರ ಬರುತ್ತದೆಯೇ ಎಂದು ಕೇಳುವ ಆದೇಶ, ಮುಂದೆ ವಿವರಿಸಿದ್ದೇನೆ) ‘ಐಪಿ ನೈ’ ಎಂದು, ಅಂದರೆ ಎರಡನೆಯ ಪದಕ್ಕೆ ಎನ್ ಮತ್ತು ಇ ಎಂಬ ಎರಡೇ ಅಕ್ಷರ ಹಾಕಿ, ಆಗಾಗ ನೋಡಿದರೆ 50ರ ಮುಂದಿನ ಮ್ಯಾಕ್ ವಿಳಾಸ, ಅಂದರೆ ಸಾಧನದ ಸ್ವಂತ ಗುರುತು, ಬದಲಾಗುತ್ತಿರುವುದು ಕಾಣಬಹುದು. ಸ್ಥಿರ ವಿಳಾಸವನ್ನು ರೌಟರ್ ಹಂಚುವ ವ್ಯಾಪ್ತಿಯ ಹೊರಗೆ ಇಡುವುದು, ಇಲ್ಲವೇ ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ ಆ ಅಂಕೆಯನ್ನು ರೌಟರಿನಲ್ಲೇ ಕಾಯ್ದಿರಿಸುವುದು, ಈ ಎರಡರಲ್ಲಿ ಒಂದನ್ನು ಮಾಡಬೇಕು. ನಾನು ಎರಡನೆಯದನ್ನೇ ಸೂಚಿಸುತ್ತೇನೆ, ಏಕೆಂದರೆ ಆಗ ಎಲ್ಲ ವಿಳಾಸಗಳ ಲೆಕ್ಕವೂ ಒಂದೇ ಕಡೆ ಸಿಗುತ್ತದೆ.

ಸಾಧನ ಕಾಣುತ್ತಿದೆ, ಆದರೆ ವಿಳಾಸ ಕೇಳುವ ಪ್ರಯತ್ನವೇ ನಡೆದಿಲ್ಲ ಎನಿಸಿದರೆ ‘ಎನ್‌ಎಂಸಿಎಲ್‌ಐ ಡಿ’ ಎಂದು ಕೊಡಿ. ಅಲ್ಲಿ ‘ಅನ್‌ಮ್ಯಾನೇಜ್ಡ್’ ಎಂದಿದ್ದರೆ ನೆಟ್‌ವರ್ಕ್‌ಮ್ಯಾನೇಜರ್ ಆ ಸಾಧನವನ್ನು ತನ್ನದಲ್ಲವೆಂದು ಬಿಟ್ಟಿದೆ. ಡೆಬಿಯನ್‌ನಲ್ಲಿ ಇದಕ್ಕೆ ಸಾಮಾನ್ಯ ಕಾರಣ, ಇನ್‌ಸ್ಟಾಲ್ ಮಾಡುವಾಗ ಆ ಸಾಧನದ ಹೆಸರು ‘ಇಟಿಸಿ’ ಕಡತಕೋಶದ ‘ನೆಟ್‌ವರ್ಕ್’ ಒಳಗಿನ ‘ಇಂಟರ್‌ಫೇಸಸ್’ ಎಂಬ ಕಡತದಲ್ಲಿ ಸೇರಿಕೊಂಡಿರುವುದು. ಆ ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಂಡು, ಆ ಸಾಧನದ ಸಾಲುಗಳ ಮುಂದೆ ಹ್ಯಾಷ್ ಗುರುತು ಹಾಕಿ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರೆ ಸಾಕು.

ಪಿಂಗ್ ಏನು ಹೇಳುತ್ತದೆ

ವಿಳಾಸವಿದ್ದರೆ ‘ಐಪಿ ಆರ್’ ಎಂದು ಕೊಟ್ಟು ‘ಡಿಫಾಲ್ಟ್ ವಯಾ’ ಎಂಬ ಸಾಲನ್ನು ಹುಡುಕಿ. ಅದರ ಮುಂದಿನ ಅಂಕೆ, ಉದಾಹರಣೆಗೆ 192.168.1.1, ನಿಮ್ಮ ಗೇಟ್‌ವೇ, ಅಂದರೆ ರೌಟರ್. ಈಗ ‘ಪಿಂಗ್ -ಸಿ 4 192.168.1.1’ ಎಂದು ಕೊಡಿ. ‘-ಸಿ 4’ ಬಿಟ್ಟರೆ ಲಿನಕ್ಸಿನ ಪಿಂಗ್ ತಾನಾಗಿ ನಿಲ್ಲುವುದಿಲ್ಲ, ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಬೇಕಾಗುತ್ತದೆ. ರೌಟರಿನಿಂದ ಉತ್ತರ ಬಂದರೆ ‘ಪಿಂಗ್ -ಸಿ 4 1.1.1.1’ ಎಂದು ಹೊರಗಿನದೊಂದು ವಿಳಾಸವನ್ನು ಕೇಳಿ.

ಆರಂಭಿಕರು ಪಿಂಗ್ ಸೋತಿತೆಂದು ಮಾತ್ರ ನೋಡಿ, ಹೇಗೆ ಸೋತಿತೆಂದು ಓದುವುದಿಲ್ಲ. ನಿಜವಾದ ಸುಳಿವು ಇರುವುದು ಆ ಸಾಲಿನಲ್ಲೇ. ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಎಂದರೆ ಪೊಟ್ಟಣ (ಪ್ಯಾಕೆಟ್, ಅಂದರೆ ಕಳಿಸುವ ಮಾಹಿತಿಯ ಒಂದು ತುಣುಕು) ಕಂಪ್ಯೂಟರಿನಿಂದ ಹೊರಟೇ ಇಲ್ಲ. ಎಲ್ಲಿಗೆ ಕಳಿಸಬೇಕೆಂಬ ದಾರಿಯೇ ಅದಕ್ಕೆ ತಿಳಿದಿಲ್ಲ, ‘ಡಿಫಾಲ್ಟ್ ವಯಾ’ ಸಾಲು ಇಲ್ಲದಿದ್ದಾಗ ಹೀಗಾಗುತ್ತದೆ. ಕೈಯಿಂದ ವಿಳಾಸ ತುಂಬಿ ಗೇಟ್‌ವೇ ಅಂಕಣವನ್ನು ಖಾಲಿ ಬಿಟ್ಟವರಿಗೆ ಇದೇ ಉತ್ತರ ಸಿಗುತ್ತದೆ. ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದಿದ್ದರೆ ಅದರ ಆರಂಭದಲ್ಲಿ ‘ಫ್ರಮ್’ ಎಂಬುದರ ಮುಂದೆ ಯಾರ ವಿಳಾಸವಿದೆ ಎಂದು ನೋಡಬೇಕು: ಅದು ನಿಮ್ಮದೇ ವಿಳಾಸವಾಗಿದ್ದರೆ ಪಕ್ಕದ ರೌಟರೇ ನಿಮ್ಮ ಕರೆಗೆ ಓಗೊಟ್ಟಿಲ್ಲ, ದೋಷ ಮನೆಯೊಳಗೇ ಇದೆ, ರೌಟರಿನದೋ ಅದರಾಚೆಯದೋ ಆಗಿದ್ದರೆ ನಿಮ್ಮ ಕಂಪ್ಯೂಟರಿನ ಕೆಲಸ ಸರಿಯಾಗಿಯೇ ನಡೆದಿದೆ. ಏನೂ ಹೇಳದೆ ಕೊನೆಗೆ ‘100% ಪ್ಯಾಕೆಟ್ ಲಾಸ್’ ಎಂದರೆ ಪೊಟ್ಟಣ ಹೊರಟಿತು, ಉತ್ತರ ಬರಲಿಲ್ಲ. ದಾರಿಯಲ್ಲಿ ಎಲ್ಲೋ ಬಿದ್ದುಹೋಗಿರಬಹುದು, ಅಥವಾ ಆ ಕಡೆಯ ಫೈರ್‌ವಾಲ್ ಪಿಂಗಿಗೆ ಉತ್ತರ ಕೊಡದಂತೆ ತಡೆದಿರಬಹುದು. ಆದ್ದರಿಂದ ಒಂದೇ ವಿಳಾಸ ನಂಬದೆ 8.8.8.8ನ್ನೂ ಕೇಳಿ ನೋಡಬೇಕು.

ರೌಟರ್ ಉತ್ತರಿಸಿ ಹೊರಗಿನ ಎರಡೂ ವಿಳಾಸಗಳು ಉತ್ತರಿಸದಿದ್ದರೆ, ದೋಷ ರೌಟರಿನಲ್ಲಿದೆ ಅಥವಾ ಅದರಾಚೆ ಇದೆ. ಕಾಲೇಜು ಅಥವಾ ಹಾಸ್ಟೆಲ್ಲಿನ ವೈಫೈ ಆಗಿದ್ದರೆ ಮಾತ್ರ, ಲಾಗಿನ್ ಪುಟದಲ್ಲಿ ಹೆಸರು ಕೊಡುವವರೆಗೆ ಹೊರಗಿನ ದಾರಿಯನ್ನು ಮುಚ್ಚಿಡುವುದು ಅಲ್ಲಿನ ಕ್ರಮವೇ ಆಗಿರಬಹುದು. ಬ್ರೌಸರ್ ತೆರೆದು ಗೇಟ್‌ವೇ ವಿಳಾಸವನ್ನು ನೇರವಾಗಿ ಟೈಪ್ ಮಾಡಿದರೆ ಕೆಲವು ಕಡೆ ಆ ಪುಟ ಬರುತ್ತದೆ.

ಹೆಸರು ವಿಳಾಸವಾಗದಿದ್ದರೆ

1.1.1.1 ಉತ್ತರಿಸುತ್ತದೆ, ಆದರೆ ಜಾಲತಾಣದ ಹೆಸರು ಕೊಟ್ಟರೆ ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್’ ಎಂದು ಬರುತ್ತದೆ ಎಂದಾದರೆ ದೋಷ ಡಿಎನ್‌ಎಸ್‌ನದು: ಹೆಸರನ್ನು ವಿಳಾಸವಾಗಿ ಬಿಡಿಸಿಕೊಡುವ ಸರ್ವರ್ ಸಿಗುತ್ತಿಲ್ಲ. ‘ನೇಮ್ ಆರ್ ಸರ್ವಿಸ್ ನಾಟ್ ನೋನ್’ ಎಂಬುದು ಬೇರೆ ಮಾತು. ಅಲ್ಲಿ ಸರ್ವರ್ ಸಿಕ್ಕಿದೆ, ಅಂಥ ಹೆಸರಿಲ್ಲ ಎಂದು ಹೇಳಿದೆ, ಆದ್ದರಿಂದ ಮೊದಲು ಕಾಗುಣಿತ ನೋಡಿಕೊಳ್ಳಿ.

ಡಿಎನ್‌ಎಸ್ ಸೆಟ್ಟಿಂಗ್ ಎಲ್ಲಿದೆ ಎಂದು ಹುಡುಕುವವರು ‘ಇಟಿಸಿ’ಯೊಳಗಿನ ‘ರಿಸಾಲ್ವ್’ ಕಡತ ತೆರೆದು, ಅಲ್ಲಿ 127.0.0.53 ಎಂಬ ವಿಚಿತ್ರ ವಿಳಾಸ ಕಂಡು ಅದೇ ದೋಷವೆಂದು ಅಳಿಸಿಬಿಡುತ್ತಾರೆ. ಅದು ದೋಷವಲ್ಲ. ಉಬುಂಟು ಮುಂತಾದವುಗಳಲ್ಲಿ ಕಂಪ್ಯೂಟರಿನೊಳಗೇ ಓಡುವ ಒಂದು ಸೇವೆ ಆ ವಿಳಾಸದಲ್ಲಿ ಕೂತು ಪ್ರಶ್ನೆಗಳನ್ನು ನಿಜವಾದ ಸರ್ವರಿಗೆ ದಾಟಿಸುತ್ತದೆ. ಆ ಸರ್ವರ್ ಯಾವುದೆಂದು ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ತಿಳಿಸುತ್ತದೆ. ಆ ಕಡತವನ್ನು ಕೈಯಿಂದ ತಿದ್ದಿದರೂ ಅದು ಮತ್ತೆ ತಾನಾಗಿ ಬರೆಯಲ್ಪಡುವುದರಿಂದ ಶ್ರಮ ವ್ಯರ್ಥ. ಬದಲಾವಣೆ ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ವೈಫೈಯ ಪಕ್ಕದ ಹಲ್ಲುಗಾಲಿ ಚಿಹ್ನೆ ಒತ್ತಿ, ಐಪಿವಿ4 ಪುಟದಲ್ಲಿ ಡಿಎನ್‌ಎಸ್‌ನ ‘ಆಟೊಮ್ಯಾಟಿಕ್’ ಗುಂಡಿಯನ್ನು ಬಂದ್ ಮಾಡಿ, 1.1.1.1 ಅಥವಾ 8.8.8.8 ಎಂಬ ಸಾರ್ವಜನಿಕ ಡಿಎನ್‌ಎಸ್ ಸರ್ವರಿನ ವಿಳಾಸವನ್ನು ತುಂಬಿ, ವೈಫೈಯನ್ನು ಒಮ್ಮೆ ಕಡಿದು ಮತ್ತೆ ಜೋಡಿಸಿ. ವಿಳಾಸದ ವಿಧಾನವನ್ನು ಮಾತ್ರ ‘ಆಟೊಮ್ಯಾಟಿಕ್’ನಲ್ಲೇ ಬಿಡಿ. ಕಚೇರಿಯ ಒಳಗಿನ ಸರ್ವರುಗಳನ್ನು ಹೆಸರಿನಿಂದ ತೆರೆಯುವವರು ಈ ಬದಲಾವಣೆ ಮಾಡಬಾರದು, ಆ ಹೆಸರುಗಳು ಹೊರಗಿನ ಡಿಎನ್‌ಎಸ್‌ಗೆ ಗೊತ್ತಿರುವುದಿಲ್ಲ.

ಎಲ್ಲವೂ ಸರಿಯಿದ್ದು ಪುಟ ಮಾತ್ರ ತೆರೆಯದಿದ್ದರೆ

ಪಿಂಗ್ ನಡೆಯುತ್ತದೆ, ಹೆಸರೂ ಬಿಡಿಸಿಕೊಳ್ಳುತ್ತದೆ, ಬ್ರೌಸರ್ ಮಾತ್ರ ಜಾಲತಾಣದ ಗುರುತನ್ನು ಖಚಿತಪಡಿಸುವ ಪ್ರಮಾಣಪತ್ರ ಸರಿಯಿಲ್ಲ ಎನ್ನುತ್ತದೆ. ಹಳೆಯ ಡೆಸ್ಕ್‌ಟಾಪ್ ಆಗಿದ್ದರೆ ಮೊದಲು ‘ಟೈಮ್‌ಡೇಟ್‌ಸಿಟಿಎಲ್’ ಕೊಟ್ಟು ದಿನಾಂಕ ನೋಡಿ. ಮದರ್‌ಬೋರ್ಡಿನ ಗುಂಡು ಬ್ಯಾಟರಿ ಸತ್ತಿದ್ದರೆ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿರುತ್ತದೆ, ಆಗ ಇಂದಿನ ಪ್ರಮಾಣಪತ್ರಗಳು ಅದಕ್ಕೆ ಇನ್ನೂ ಹುಟ್ಟದವುಗಳಂತೆ ಕಾಣುತ್ತವೆ. ದಿನಾಂಕ ತಿದ್ದಿ ಬ್ಯಾಟರಿ ಬದಲಿಸಿ.

ಇನ್ನೊಂದು, ಹಿಡಿಯಲು ಕಷ್ಟವಾದ ದೋಷ: ಸಣ್ಣ ಪುಟಗಳು ತೆರೆಯುತ್ತವೆ, ದೊಡ್ಡವು ಅರ್ಧಕ್ಕೆ ನಿಲ್ಲುತ್ತವೆ. ಈಥರ್‌ನೆಟ್‌ನಲ್ಲಿ ಒಂದು ಪೊಟ್ಟಣದ ಗಾತ್ರ 1500 ಬೈಟ್‌ಗಳವರೆಗೆ ಇರಬಹುದು, ಆದರೆ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಓಇ ವಿಧಾನದ ಬ್ರಾಡ್‌ಬ್ಯಾಂಡ್‌ನಲ್ಲಿ 8 ಬೈಟ್ ಅದಕ್ಕೇ ಬೇಕಾಗುವುದರಿಂದ 1492 ಮಾತ್ರ ಉಳಿಯುತ್ತದೆ. ‘ಪಿಂಗ್ -ಎಂ ಡು -ಎಸ್ 1464 1.1.1.1’ ಎಂದು ಕೊಟ್ಟಾಗ (ಇಲ್ಲಿ ಎಂ ಮಾತ್ರ ದೊಡ್ಡಕ್ಷರ, ‘ಡು’ ಎಂದರೆ ಡಿ ಮತ್ತು ಓ) ಉತ್ತರ ಬಂದು, 1472ಕ್ಕೆ ಬಾರದಿದ್ದರೆ ನಿಮ್ಮ ಮಿತಿ 1492 ಎಂದೇ ಅರ್ಥ, ಏಕೆಂದರೆ 1464ಕ್ಕೆ ತಲೆಬರಹದ 28 ಬೈಟ್ ಸೇರುತ್ತದೆ. ಸಂಪರ್ಕದ ಸೆಟ್ಟಿಂಗ್ಸ್‌ನಲ್ಲಿ ಎಂಟಿಯು (ಪೊಟ್ಟಣದ ಗರಿಷ್ಠ ಗಾತ್ರ) ಅಂಕಣಕ್ಕೆ 1492 ತುಂಬಿದರೆ ಪುಟಗಳು ಪೂರ್ತಿ ತೆರೆಯತೊಡಗುತ್ತವೆ.

ಬದಲಾವಣೆ ಮತ್ತು ಸಹಾಯ

‘ಐಪಿ’ ಆದೇಶದಿಂದ ಮಾಡಿದ ಬದಲಾವಣೆ ಕಂಪ್ಯೂಟರ್ ಆರಿಸಿದ ಕೂಡಲೇ ಅಳಿದುಹೋಗುತ್ತದೆ. ಪ್ರಯೋಗಕ್ಕೆ ಇದು ಸುರಕ್ಷಿತ. ಸೆಟ್ಟಿಂಗ್ಸ್‌ನಲ್ಲಿ ಅಥವಾ ‘ಎನ್‌ಎಂಸಿಎಲ್‌ಐ’ಯಿಂದ ಸಂಪರ್ಕದಲ್ಲಿ ತಿದ್ದಿದ್ದು ಉಳಿಯುತ್ತದೆ, ಆದ್ದರಿಂದ ತಿದ್ದುವ ಮೊದಲು ಹಳೆಯ ಅಂಕೆಗಳ ಫೋಟೊ ತೆಗೆದಿಟ್ಟುಕೊಳ್ಳಿ, ಮತ್ತು ಒಂದು ಸಲಕ್ಕೆ ಒಂದನ್ನೇ ತಿದ್ದಿ ಪಿಂಗ್ ಮಾಡಿ ನೋಡಿ. ನೆಟ್‌ವರ್ಕ್‌ಮ್ಯಾನೇಜರನ್ನು ಮಾತ್ರ ಮತ್ತೆ ಚಾಲೂ ಮಾಡಲು ‘ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ನೆಟ್‌ವರ್ಕ್‌ಮ್ಯಾನೇಜರ್’ ಎಂದು ಕೊಡಬಹುದು. ಕೊನೆಯ ಪದದಲ್ಲಿ ಎನ್ ಮತ್ತು ಎಂ ದೊಡ್ಡಕ್ಷರವಾಗಿರದಿದ್ದರೆ ಅಂಥ ಸೇವೆ ಇಲ್ಲವೆಂಬ ಉತ್ತರ ಬರುತ್ತದೆ.

ಇಷ್ಟೆಲ್ಲ ನೋಡಿಯೂ ಬಗೆಹರಿಯದಿದ್ದರೆ ತಿಳಿದವರನ್ನು ಕೇಳಿ, ಆದರೆ ‘ನೆಟ್ ಬರುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ‘ಐಪಿ ಎ’, ‘ಐಪಿ ಆರ್’, ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಮತ್ತು ರೌಟರಿಗೂ 1.1.1.1ಕ್ಕೂ ಮಾಡಿದ ಪಿಂಗ್, ಇವುಗಳ ಪೂರ್ತಿ ಉತ್ತರವನ್ನು, ‘ಜರ್ನಲ್‌ಸಿಟಿಎಲ್ -ಬಿ -ಯು ನೆಟ್‌ವರ್ಕ್‌ಮ್ಯಾನೇಜರ್’ (ಇಲ್ಲೂ ಎನ್ ಮತ್ತು ಎಂ ದೊಡ್ಡಕ್ಷರ) ಕೊಡುವ ದಾಖಲೆಯ ಕೊನೆಯ ಕೆಲವು ಸಾಲುಗಳನ್ನು, ಲಿನಕ್ಸಿನ ಹೆಸರು ಮತ್ತು ಆವೃತ್ತಿಯನ್ನು ಒಟ್ಟಿಗೆ ಕಳಿಸಿ. ಸೇವೆ ಕೊಡುವವರಿಗೆ ಫೋನ್ ಮಾಡುವುದಾದರೆ ರೌಟರಿನವರೆಗೆ ಪಿಂಗ್ ಹೋಗುತ್ತದೆ, ಅದರಾಚೆ ಹೋಗುವುದಿಲ್ಲ, ಮೊಬೈಲಿನಲ್ಲೂ ಹಾಗೆಯೇ ಇದೆ ಎಂದು ಇದೇ ಕ್ರಮದಲ್ಲಿ ಹೇಳಿ. ಆಗ ಅವರು ಲಿನಕ್ಸ್ ತೆಗೆದು ಬೇರೆ ವ್ಯವಸ್ಥೆ ಹಾಕಿಕೊಳ್ಳಿ ಎಂಬ ಸಲಹೆಯಿಂದ ಮಾತು ಮುಗಿಸಲಾರರು, ತಂತಿಯನ್ನು ನೋಡಲು ಆಳನ್ನು ಕಳಿಸಬೇಕಾಗುತ್ತದೆ.